ಹಿಮದ ನಾಡಿನಿಂದ ಮಲ್ಪೆಯ ಧಕ್ಕೆಗೆ: ಕಂದುತಲೆ ಕಡಲಕ್ಕಿಯ ಎರಡು ಮನೆಗಳು

2025ರ ಡಿಸೆಂಬರ್‌ನಲ್ಲಿ ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದ ಬಳಿ ಗಾಯಗೊಂಡ ಸೀಗಲ್ ಹಕ್ಕಿಯೊಂದು ಸಿಕ್ಕಿತು. ಅದರ ಬೆನ್ನಿಗೆ ಪುಟ್ಟ ಜಿಪಿಎಸ್ ಸಾಧನ ಕಟ್ಟಲಾಗಿತ್ತು. ಸಾಧನದ ಮೇಲೆ ಚೀನಾದ ವಿಜ್ಞಾನ ಸಂಸ್ಥೆಯ ಹೆಸರಿತ್ತು. ಪಕ್ಕದಲ್ಲೇ ನೌಕಾನೆಲೆ ಇರುವ ಊರಾದ್ದರಿಂದ ಸುದ್ದಿ ಒಂದೇ ದಿನದಲ್ಲಿ ರಾಜ್ಯವಿಡೀ ಹರಡಿತು. ಇದು ಗೂಢಚಾರ ಹಕ್ಕಿಯೇ? ಎಲ್ಲಿಂದ ಬಂತು? ಯಾರು, ಯಾಕೆ ಕಟ್ಟಿದರು? ಅದುವರೆಗೆ ಬೋಟುಗಳ ಹಿಂದೆ ಹಾರುವ ಬಿಳಿ ಹಕ್ಕಿ ಎಂದಷ್ಟೇ ಪರಿಚಯವಿದ್ದ ಜೀವಿಯ ಬಗ್ಗೆ ಜನ ಮೊದಲ ಬಾರಿಗೆ ಕುತೂಹಲದಿಂದ ಕೇಳತೊಡಗಿದರು.

ಈ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಸಾಧನಕ್ಕಿಂತ ಮೊದಲು ಹಕ್ಕಿಯನ್ನು ಅರಿಯಬೇಕು. ನಮ್ಮ ಕರಾವಳಿಗೆ ಬರುವ ಸೀಗಲ್‌ಗಳಲ್ಲಿ ಹಲವು ಜಾತಿಗಳಿವೆ. ಅವುಗಳಲ್ಲಿ ಮಂಗಳೂರಿನಿಂದ ಕಾರವಾರದವರೆಗೆ ಚಳಿಗಾಲದಲ್ಲಿ ಹಿಂಡುಹಿಂಡಾಗಿ ಕಾಣುವ ಕಂದುತಲೆ ಕಡಲಕ್ಕಿಯನ್ನೇ ಇಲ್ಲಿ ಎತ್ತಿಕೊಂಡಿದ್ದೇನೆ. ಇದೊಂದು ತಿಳಿದರೆ ಉಳಿದವುಗಳ ಬದುಕಿನ ಬಹುಪಾಲು ತಿಳಿದಂತೆ.

ಹೆಸರಿನಲ್ಲಿ ಮಾತ್ರ ಕಡಲು

ಸೀಗಲ್ ಎಂಬ ಹೆಸರು ಕೇಳಿದರೆ ನಡುಗಡಲಿನಲ್ಲಿ ಅಲೆಯುವ ಹಕ್ಕಿ ಎಂಬ ಕಲ್ಪನೆ ಮೂಡುತ್ತದೆ. ವಾಸ್ತವದಲ್ಲಿ ಈ ಗುಂಪಿನ ಹೆಚ್ಚಿನ ಹಕ್ಕಿಗಳು ದಡವನ್ನು ಬಿಟ್ಟು ಬಹುದೂರ ಹೋಗುವುದಿಲ್ಲ. ನೀರು ಮತ್ತು ನೆಲ ಸೇರುವ ಜಾಗ ಅವುಗಳ ಬದುಕಿನ ಕೇಂದ್ರ. ಅದು ಕಡಲತೀರವಾಗಬಹುದು, ನದಿ ಕಡಲು ಸೇರುವ ಅಳಿವೆಯಾಗಬಹುದು, ದೊಡ್ಡ ಕೆರೆ ಅಥವಾ ಜಲಾಶಯವೂ ಆಗಬಹುದು. ಹೀಗಾಗಿ ಪಕ್ಷಿತಜ್ಞರು ಸೀಗಲ್ ಎನ್ನದೆ ಬರೀ ಗಲ್ ಎನ್ನುತ್ತಾರೆ.

ಕಂದುತಲೆ ಕಡಲಕ್ಕಿಯ ವಿಷಯದಲ್ಲಂತೂ ಈ ಹೆಸರು ಇನ್ನಷ್ಟು ದಾರಿ ತಪ್ಪಿಸುತ್ತದೆ. ಏಕೆಂದರೆ ಅದು ಹುಟ್ಟುವುದು ಕಡಲಿನಿಂದ ಅತ್ಯಂತ ದೂರದ, ಅತ್ಯಂತ ಎತ್ತರದ ಜಾಗಗಳಲ್ಲಿ. ಲಡಾಖ್, ಟಿಬೆಟ್ ಪ್ರಸ್ಥಭೂಮಿ, ಪಾಮಿರ್ ಪರ್ವತಗಳ ಸರೋವರಗಳು ಅದರ ತವರು. ಕಡಲು ಅದಕ್ಕೆ ಚಳಿಗಾಲದ ಬಿಡಾರ. ನಮ್ಮಲ್ಲಿ ಆಡುಮೇಯಿಸುವವರು ಮಳೆ, ಮೇವು ನೋಡಿಕೊಂಡು ಮಂದೆಯೊಂದಿಗೆ ಊರಿಂದೂರಿಗೆ ಸಾಗುತ್ತಾರಲ್ಲ, ಹಾಗೆಯೇ ಈ ಹಕ್ಕಿಯೂ ಕಾಲ ನೋಡಿ ನೆಲೆ ಬದಲಿಸುತ್ತದೆ. ವ್ಯತ್ಯಾಸವೆಂದರೆ ಅದರ ದಾರಿಯ ನಡುವೆ ಹಿಮಾಲಯ ಅಡ್ಡ ನಿಂತಿದೆ.

ಗುರುತು ಹಿಡಿಯುವ ಬಗೆ

ವಿಜ್ಞಾನದ ಹೊತ್ತಗೆಯಲ್ಲಿ ಇದರ ಹೆಸರು ಕ್ರೋಯ್ಕೋಸೆಫಾಲಸ್ ಬ್ರುನ್ನಿಸೆಫಾಲಸ್. ಎರಡನೆಯ ಪದದ ಅರ್ಥವೇ ಕಂದು ತಲೆಯದು ಎಂದು. ಮದರಾಸು ಪ್ರಾಂತ್ಯದ ಸೇನೆಯಲ್ಲಿ ವೈದ್ಯನಾಗಿದ್ದ ಥಾಮಸ್ ಜೆರ್ಡನ್ 1840ರಲ್ಲಿ ಇದನ್ನು ಹೆಸರಿಸಿ ವಿವರಿಸಿದ.

ಸಮಸ್ಯೆ ಏನೆಂದರೆ, ಡಿಸೆಂಬರಿನಲ್ಲಿ ಮಲ್ಪೆಗೆ ಹೋಗಿ ಕಂದು ತಲೆಯನ್ನು ಹುಡುಕಿದರೆ ಸಿಗುವುದಿಲ್ಲ. ಕಂದು ಬಣ್ಣ ಮರಿ ಮಾಡುವ ಕಾಲದ ಉಡುಗೆ. ಚಳಿಗಾಲದಲ್ಲಿ ತಲೆ ಬಹುಮಟ್ಟಿಗೆ ಬಿಳಿಯಾಗಿ, ಕಣ್ಣಿನ ಹಿಂದೆ ಒಂದು ಕಪ್ಪು ಮಚ್ಚೆಯಷ್ಟೇ ಉಳಿಯುತ್ತದೆ. ಮಗುವಿಗೆ ದೃಷ್ಟಿ ತಾಗದಿರಲೆಂದು ಕೆನ್ನೆಗೆ ಇಡುವ ಕಾಡಿಗೆ ಬೊಟ್ಟಿನಂತೆ ಅದು ಕಾಣುತ್ತದೆ. ದೇಹ ಬಿಳಿ, ಬೆನ್ನು ಮತ್ತು ರೆಕ್ಕೆ ತಿಳಿಬೂದಿ, ಕೊಕ್ಕು ಮತ್ತು ಕಾಲು ಕೆಂಪು. ಗಾತ್ರದಲ್ಲಿ ನಮ್ಮ ಊರಕಾಗೆಗಿಂತ ಸ್ವಲ್ಪ ಉದ್ದ, ಸುಮಾರು 42 ಸೆಂಟಿಮೀಟರ್. ತೂಕ ಅರ್ಧ ಕಿಲೋದ ಆಸುಪಾಸು.

ಹಾರುವಾಗ ರೆಕ್ಕೆಯ ತುದಿ ನೋಡಬೇಕು. ಅಗಲವಾದ ಕಪ್ಪು ತುದಿ, ಅದರೊಳಗೆ ಕನ್ನಡಿ ಕೂರಿಸಿದಂತೆ ದೊಡ್ಡ ಬಿಳಿ ಚುಕ್ಕೆಗಳು. ಇದೇ ಖಚಿತ ಗುರುತು. ಏಕೆಂದರೆ ಇದರ ಜೊತೆಯಲ್ಲೇ ಕರಿತಲೆ ಕಡಲಕ್ಕಿಯೂ ಬರುತ್ತದೆ. ಅದು ತುಸು ಚಿಕ್ಕದು, ಕಣ್ಣು ಕಪ್ಪು, ರೆಕ್ಕೆಯ ಮುಂಚೂಣಿ ಬಿಳಿ. ಇನ್ನೊಂದು ಗೊಂದಲವೂ ಇದೆ: ಕರಿತಲೆ ಎಂಬ ಹೆಸರಿದ್ದರೂ ಮರಿ ಮಾಡುವ ಕಾಲದಲ್ಲಿ ಅದರ ತಲೆ ಕೂಡ ಗಾಢ ಕಂದೇ. ಆದ್ದರಿಂದ ತಲೆಯ ಬಣ್ಣ ನಂಬಿ ಕೂರುವುದಕ್ಕಿಂತ ರೆಕ್ಕೆಯನ್ನು ನೋಡುವುದು ಒಳ್ಳೆಯದು. ಕಂದುತಲೆಯ ವಯಸ್ಕ ಹಕ್ಕಿಯ ಕಣ್ಣು ತಿಳಿಬಣ್ಣದ್ದು. ಹತ್ತಿರ ಬಂದಾಗ ಆ ನೋಟ ಸ್ವಲ್ಪ ಕಟುವಾಗಿಯೇ ಕಾಣುತ್ತದೆ.

ಇದೇ ಹಿಂಡಿನ ನಡುವೆ ಕವಲು ಬಾಲದ, ಸಣಕಲು ಮೈಯ, ಚೂಪು ಕೊಕ್ಕಿನ ಹಕ್ಕಿಗಳು ಕಂಡರೆ ಅವು ರೀವಗಳು. ರೀವ ಮೇಲಿನಿಂದ ತಲೆಕೆಳಗಾಗಿ ನೀರಿಗೆ ಧುಮುಕಿ ಮೀನು ಹಿಡಿಯುತ್ತದೆ. ಕಡಲಕ್ಕಿ ಹಾಗಲ್ಲ. ಅದು ನೀರಿನ ಮೇಲ್ಮೈಗೆ ಇಳಿದು, ತೇಲುವುದನ್ನು ಕೊಕ್ಕಿನಿಂದ ಎತ್ತಿಕೊಳ್ಳುತ್ತದೆ.

ನಾಲ್ಕೂವರೆ ಸಾವಿರ ಮೀಟರ್ ಎತ್ತರದ ಬಾಣಂತಿಕೋಣೆ

ಲಡಾಖ್‌ನ ಚಾಂಗ್‌ಥಾಂಗ್ ಪ್ರದೇಶದಲ್ಲಿ ತ್ಸೊ ಮೊರಿರಿ, ತ್ಸೊ ಕರ್ ಎಂಬ ಸರೋವರಗಳಿವೆ. ಎರಡೂ ಸಮುದ್ರಮಟ್ಟಕ್ಕಿಂತ ಸುಮಾರು 4,500 ಮೀಟರ್ ಎತ್ತರದಲ್ಲಿವೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಅದರ ಎರಡು ಪಟ್ಟಿಗೂ ಮಿಕ್ಕ ಎತ್ತರ ಅದು. ಅಲ್ಲಿನ ಗಾಳಿಯಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕಡಲತೀರದಲ್ಲಿ ಸಿಗುವುದಕ್ಕಿಂತ ಸುಮಾರು ಶೇ 40ರಷ್ಟು ಕಡಿಮೆ. ಪ್ರವಾಸಿಗರಿಗೆ ಮೊದಲ ದಿನ ತಲೆನೋವು, ಏದುಸಿರು.

ಅಂಥ ಜಾಗವನ್ನು ಮರಿ ಮಾಡಲು ಆರಿಸಿಕೊಳ್ಳುವುದೇಕೆ? ಕಾರಣ ಎರಡು: ಆಹಾರ ಮತ್ತು ರಕ್ಷಣೆ. ಮಂಜು ಕರಗಿದ ಕೂಡಲೇ ಸರೋವರದ ಸುತ್ತಲಿನ ಜವುಗುನೆಲದಲ್ಲಿ ಹುಳು, ಕೀಟಗಳು ಅಪಾರವಾಗಿ ಹುಟ್ಟುತ್ತವೆ. ಬೇಸಿಗೆ ಚಿಕ್ಕದು, ಆದರೆ ಆ ಕೆಲವು ವಾರಗಳಲ್ಲಿ ಮರಿಗಳ ಹೊಟ್ಟೆಗೆ ಕೊರತೆಯಿಲ್ಲ. ಇನ್ನು ಗೂಡು ಇರುವುದು ನೆಲದ ಮೇಲೆ. ನೀರು ಸುತ್ತುವರಿದ ನಡುಗಡ್ಡೆಗಳಲ್ಲಿ, ಕೆಸರಿನ ದಿಬ್ಬಗಳಲ್ಲಿ. ಸುತ್ತಲಿನ ನೀರೇ ಕೋಟೆಯ ಕಂದಕ. ನರಿ, ತೋಳ ಸುಲಭವಾಗಿ ದಾಟಿ ಬರಲಾರವು. ನೂರಾರು ಜೋಡಿಗಳು ಒತ್ತೊತ್ತಾಗಿ ಗೂಡು ಕಟ್ಟುವುದರಿಂದ ಕಳ್ಳ ಹಕ್ಕಿಯೊಂದು ಸುಳಿದರೂ ಇಡೀ ವಸಾಹತೇ ಎದ್ದು ಕೂಗಿ ಅಟ್ಟಿಬಿಡುತ್ತದೆ.

ಮೇ, ಜೂನ್ ಹೊತ್ತಿಗೆ ಮೊಟ್ಟೆ. ಸಾಮಾನ್ಯವಾಗಿ ಮೂರು. ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕಾವು ಕೊಡುತ್ತವೆ. ಮೊಟ್ಟೆಯಾಗಲಿ ಮರಿಯಾಗಲಿ ಮಣ್ಣು, ಕಲ್ಲಿನ ಬಣ್ಣದಲ್ಲಿ ಚುಕ್ಕೆಚುಕ್ಕೆಯಾಗಿದ್ದು ನೆಲದೊಂದಿಗೆ ಬೆರೆತುಹೋಗುತ್ತವೆ. ತ್ಸೊ ಮೊರಿರಿಗೆ 2002ರಲ್ಲಿ, ತ್ಸೊ ಕರ್‌ಗೆ 2020ರಲ್ಲಿ ರಾಮ್ಸಾರ್ ತಾಣದ ಮಾನ್ಯತೆ ಸಿಕ್ಕಿದೆ. ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದವು ಎಂದು ಇದರ ಅರ್ಥ. ಮಾನ್ಯತೆ ಸಿಕ್ಕಿದ ಮಾತ್ರಕ್ಕೆ ಗೂಡುಗಳು ಸುರಕ್ಷಿತವಾಗಿಲ್ಲ ಎಂಬುದನ್ನೂ ಹೇಳಬೇಕು. ಪ್ರವಾಸಿಗರು ಮತ್ತು ಶಿಬಿರಗಳು ಬಿಟ್ಟುಹೋಗುವ ಉಳಿಕೆ ತಿಂದು ಬೆಳೆದ ನಾಯಿಗಳು ಚಾಂಗ್‌ಥಾಂಗ್‌ನಲ್ಲಿ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೆಲ್ಲ ದೊಡ್ಡ ಕಂಟಕವಾಗಿವೆ.

ಚಳಿಗಾಲ ಬಂದರೆ ಇದೇ ಸರೋವರಗಳು ಕಲ್ಲಿನಂತೆ ಹೆಪ್ಪುಗಟ್ಟುತ್ತವೆ. ಮೇಲೆ ಮಂಜು, ಕೆಳಗೆ ಆಹಾರ. ನಡುವೆ ಮುರಿಯಲಾಗದ ಬಾಗಿಲು. ಹಕ್ಕಿ ಚಳಿಗೆ ಹೆದರಿ ಓಡಿ ಬರುತ್ತದೆ ಎಂದು ನಾವು ಭಾವಿಸುತ್ತೇವೆ. ಗರಿಯ ಹೊದಿಕೆಯಿರುವ ಹಕ್ಕಿಗೆ ಚಳಿಯನ್ನು ತಡೆದುಕೊಳ್ಳುವ ಶಕ್ತಿಯಿದೆ, ಹಸಿವನ್ನು ತಡೆದುಕೊಳ್ಳುವ ಶಕ್ತಿಯಿಲ್ಲ. ಮರಿಗಳು ಹಾರುವಷ್ಟಾದ ಮೇಲೆ ಹಿಂಡುಗಳು ದಕ್ಷಿಣಕ್ಕೆ ಮುಖ ಮಾಡುತ್ತವೆ. ಲಡಾಖ್‌ನಿಂದ ಮಲ್ಪೆಗೆ ನೇರ ಗೆರೆ ಎಳೆದು ಅಳೆದರೂ ಎರಡು ಸಾವಿರ ಕಿಲೋಮೀಟರಿಗಿಂತ ಹೆಚ್ಚು. ನಮ್ಮ ತೀರಗಳಲ್ಲಿ ಸೆಪ್ಟೆಂಬರ್ ಅಕ್ಟೋಬರ್‌ನಿಂದ ಅವು ಕಾಣಿಸಿಕೊಳ್ಳುತ್ತವೆ.

ಧಕ್ಕೆಯಲ್ಲಿ ಒಂದು ಬೆಳಗು

ಬೆಳಗಿನ ಜಾವ ಬೋಟುಗಳು ಮೀನು ಇಳಿಸುವ ಹೊತ್ತಿಗೆ ಮಲ್ಪೆಯ ಧಕ್ಕೆಯಲ್ಲಿ ನಿಂತರೆ ಈ ಹಕ್ಕಿಯ ಆಹಾರಕ್ರಮವಿಡೀ ಕಣ್ಣೆದುರು ತೆರೆದುಕೊಳ್ಳುತ್ತದೆ. ಬುಟ್ಟಿಯಿಂದ ಜಾರಿದ ಬೂತಾಯಿ, ಬಲೆ ಕೊಡವುವಾಗ ಬಿದ್ದ ಸಣ್ಣ ಮೀನು, ಮಾರಾಟಕ್ಕಾಗದೆ ನೀರಿಗೆ ಎಸೆದ ಏಡಿ, ಸಿಗಡಿ, ಮೀನಿನ ಕರುಳು, ಎಲ್ಲವೂ ಆಹಾರವೇ. ಕಾಗೆ, ಬೆಳ್ಳಕ್ಕಿ, ಗರುಡಗಳೂ ಪಾಲಿಗೆ ಬಂದಿರುತ್ತವೆ. ಒಂದು ಕಡಲಕ್ಕಿ ಬಂಗುಡೆಯ ತುಂಡು ಹಿಡಿದು ಎದ್ದರೆ ಇನ್ನು ನಾಲ್ಕು ಬೆನ್ನಟ್ಟುತ್ತವೆ. ಅದು ಗಾಬರಿಯಲ್ಲಿ ತುಂಡನ್ನು ಬಿಟ್ಟರೆ ನೀರಿಗೆ ಬೀಳುವ ಮೊದಲೇ ಇನ್ನೊಂದರ ಬಾಯಿ. ಇತರರ ಬೇಟೆಯನ್ನು ಕಸಿದು ತಿನ್ನುವುದು ಕಡಲಕ್ಕಿಗಳ ಬದುಕಿನ ರೀತಿ. ರೀವಗಳೇ ಹೆಚ್ಚಾಗಿ ಕಳೆದುಕೊಳ್ಳುವವು.

ಧಕ್ಕೆ ಮಾತ್ರ ನೋಡಿದರೆ ಅರ್ಧ ಚಿತ್ರ. ಉಳಿದರ್ಧ ಅಳಿವೆಯಲ್ಲಿದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಕಡಲು ಸೇರುವಲ್ಲಿ ಇಳಿತದ ಸಮಯದಲ್ಲಿ ಕೆಸರಿನ ಬಯಲು ತೆರೆದುಕೊಳ್ಳುತ್ತದೆ. ಆ ಕೆಸರಿನಲ್ಲಿ ಹುಳು, ಚಿಪ್ಪುಜೀವಿ, ಸಣ್ಣ ಏಡಿಗಳು ಯಥೇಚ್ಛ. ಕಡಲಕ್ಕಿಗಳ ಸಂಸಾರದಲ್ಲಿ ಕೆಲವು ಹಕ್ಕಿಗಳು ನಿಂತಲ್ಲೇ ಕಾಲುಗಳನ್ನು ಪಟಪಟನೆ ಬಡಿದು ಒದ್ದೆ ನೆಲವನ್ನು ಕಲಕುವುದನ್ನು ನೋಡಬಹುದು. ಅದುರಿಗೆ ಹುಳುಗಳು ಮೇಲಕ್ಕೆ ಬರುತ್ತವೆ, ಹಕ್ಕಿ ಹೆಕ್ಕಿಕೊಳ್ಳುತ್ತದೆ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ತಾಣವಾಯಿತು. ಅಂದರೆ ಈ ಜಾತಿಯ ಬೇಸಿಗೆ ಮನೆಯಲ್ಲೂ ಚಳಿಗಾಲದ ಮನೆಯಲ್ಲೂ ಒಂದೇ ಪಟ್ಟಿಯ ಜೌಗು ತಾಣಗಳಿವೆ.

ಹೊಟ್ಟೆ ತುಂಬಿದ ಮೇಲೆ ಹಿಂಡು ಮರಳ ದಿಬ್ಬದ ಮೇಲೆ ಕೂರುತ್ತದೆ, ಎಲ್ಲವೂ ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ. ಗಾಳಿಗೆ ಬೆನ್ನು ಕೊಟ್ಟರೆ ಗರಿಗಳು ಕೆದರಿ ಮೈಯ ಬಿಸಿ ಸೋರುತ್ತದೆ. ಜೊತೆಗೆ ಗಾಳಿಗೆ ಎದುರಾಗಿ ಹಾರಿ ಏಳುವುದೂ ಸುಲಭ. ಬಾಲದ ಬುಡದ ಗ್ರಂಥಿಯಿಂದ ಎಣ್ಣೆಯಂಥ ದ್ರವ ತೆಗೆದು ಗರಿಗೆ ಸವರಿಕೊಳ್ಳುತ್ತಾ ಗಂಟೆಗಟ್ಟಲೆ ಕಳೆಯುತ್ತವೆ. ರಾತ್ರಿಯನ್ನು ಜನಸಂಚಾರವಿಲ್ಲದ ದಿಬ್ಬದಲ್ಲೋ ಶಾಂತ ನೀರಿನ ಮೇಲೆ ತೇಲುತ್ತಲೋ ಕಳೆಯುತ್ತವೆ.

ಹಕ್ಕಿಗಳ ಗುಂಪು ಕಡಲಿನ ಒಂದೇ ಕಡೆ ಗಿರಕಿ ಹೊಡೆಯುತ್ತಿದ್ದರೆ ಅಡಿಯಲ್ಲಿ ಮೀನಿನ ಹಿಂಡಿದೆ ಎಂಬುದು ಮೀನುಗಾರರ ಹಳೆಯ ಲೆಕ್ಕ. ಹಕ್ಕಿ ಬೋಟನ್ನು ನೋಡಿ ಬರುತ್ತದೆ, ಬೋಟು ಹಕ್ಕಿಯನ್ನು ನೋಡಿ ಹೋಗುತ್ತದೆ. ಇಬ್ಬರಿಗೂ ಉಪಯೋಗವಾಗುವ ಇಂಥ ನಂಟು ನನಗೆ ಈ ಇಡೀ ಕಥೆಯಲ್ಲೇ ಹೆಚ್ಚು ಇಷ್ಟವಾದ ಭಾಗ.

ಉಪ್ಪುನೀರನ್ನು ಕುಡಿಯುವ ವಿದ್ಯೆ

ಕಡಲ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಬಾಯಾರಿದ ಮನುಷ್ಯ ಅದನ್ನು ಕುಡಿದರೆ ದಾಹ ಹೆಚ್ಚುತ್ತದೆ. ನಮ್ಮ ಮೂತ್ರಪಿಂಡಕ್ಕೆ ಅಷ್ಟು ಉಪ್ಪನ್ನು ಹೊರಹಾಕಲು ಕುಡಿದದ್ದಕ್ಕಿಂತ ಹೆಚ್ಚು ನೀರು ಬೇಕು. ಗಳಿಕೆಗಿಂತ ಖರ್ಚು ಹೆಚ್ಚು. ಕೊನೆಗೆ ದೇಹ ಒಣಗುತ್ತದೆ. ಕಡಲಕ್ಕಿಯ ಮೂತ್ರಪಿಂಡಕ್ಕೂ ಈ ಕೆಲಸ ಸಾಧ್ಯವಿಲ್ಲ. ಆದರೂ ಅದು ಉಪ್ಪುನೀರು ಕುಡಿದು ಬದುಕುತ್ತದೆ.

ಗುಟ್ಟು ಇರುವುದು ಕಣ್ಣಿನ ಮೇಲ್ಭಾಗದಲ್ಲಿ. ತಲೆಬುರುಡೆಯ ಆ ಜಾಗದಲ್ಲಿ ಎರಡು ಸಣ್ಣ ಗುಂಡಿಗಳಿದ್ದು ಅವುಗಳಲ್ಲಿ ಉಪ್ಪಿನ ಗ್ರಂಥಿಗಳು ಕೂತಿವೆ. ರಕ್ತ ಅವುಗಳ ಮೂಲಕ ಹರಿಯುವಾಗ ಹೆಚ್ಚುವರಿ ಉಪ್ಪನ್ನು ಅವು ಹೀರಿಕೊಂಡು, ಕಡಲ ನೀರಿಗಿಂತಲೂ ಗಟ್ಟಿಯಾದ ಉಪ್ಪುದ್ರವವಾಗಿ ಮೂಗಿನ ಹೊಳ್ಳೆಗಳಿಂದ ಹೊರಬಿಡುತ್ತವೆ. ಅದು ಕೊಕ್ಕಿನ ತುದಿಗೆ ಹರಿದು ಹನಿಯಾಗಿ ಬೀಳುತ್ತದೆ. ಕೂತಿರುವ ಕಡಲಕ್ಕಿ ಇದ್ದಕ್ಕಿದ್ದಂತೆ ತಲೆ ಕೊಡವಿಕೊಳ್ಳುವುದನ್ನು ಕಂಡಿದ್ದರೆ, ಅದು ಉಪ್ಪನ್ನು ಕೊಡವುತ್ತಿರಬಹುದು. ಮನೆಯ ನೀರು ಶುದ್ಧೀಕರಿಸುವ ಯಂತ್ರದಲ್ಲಿ ಒಳ್ಳೆಯ ನೀರು ಒಂದು ಕೊಳವೆಯಲ್ಲಿ, ಉಪ್ಪು ತುಂಬಿದ ನೀರು ಇನ್ನೊಂದರಲ್ಲಿ ಹೋಗುವಂತೆಯೇ ಇದು.

ಈ ಗ್ರಂಥಿ ಸದಾ ಒಂದೇ ಗಾತ್ರದಲ್ಲಿ ಇರುವುದಿಲ್ಲ. ಉಪ್ಪುನೀರಿನ ಬಳಿ ಇದ್ದಾಗ ದೊಡ್ಡದಾಗುತ್ತದೆ, ಸಿಹಿನೀರಿನಲ್ಲಿ ಇದ್ದಾಗ ಕುಗ್ಗುತ್ತದೆ. ಕಂದುತಲೆಯ ಬೆಟ್ಟದ ಸರೋವರಗಳಲ್ಲೂ ಹಲವು ಉಪ್ಪುಪ್ಪೇ. ಹೊರಕ್ಕೆ ಹರಿಯುವ ದಾರಿಯಿಲ್ಲದ ಕಡೆ ನೀರು ಆವಿಯಾಗಿ ಉಪ್ಪು ಉಳಿಯುತ್ತದೆ. ತ್ಸೊ ಕರ್ ಎಂದರೆ ಬಿಳಿ ಸರೋವರ. ದಡದಲ್ಲಿ ಬೆಳ್ಳಗೆ ಕೂತ ಉಪ್ಪಿನಿಂದ ಬಂದ ಹೆಸರು. ಬೆಟ್ಟಕ್ಕೂ ಕಡಲಿಗೂ ನಡುವೆ ಇಷ್ಟು ದೂರವಿದ್ದರೂ ಹಕ್ಕಿಗೆ ಎರಡೂ ಕಡೆ ಒಂದೇ ವಿದ್ಯೆ ಉಪಯೋಗಕ್ಕೆ ಬರುತ್ತದೆ.

ಬೆನ್ನ ಮೇಲಿನ ಸಾಧನ ಏನು ಮಾಡುತ್ತದೆ

ಮಲ್ಪೆಯಲ್ಲಿ ಕೂತ ಹಕ್ಕಿಯನ್ನು ಎಷ್ಟು ನೋಡಿದರೂ ಅದು ಲಡಾಖ್‌ನದೋ ಟಿಬೆಟಿನದೋ ಹೇಳಲಾಗದು. ಮೈಮೇಲೆ ವಿಳಾಸವಿರುವುದಿಲ್ಲ. ವಿಳಾಸ ಬರೆಯುವ ಕೆಲಸವನ್ನು ಮೊದಲು ಉಂಗುರಗಳು ಮಾಡುತ್ತಿದ್ದವು. ಹಕ್ಕಿಯನ್ನು ಹಿಡಿದು, ಕಾಲಿಗೆ ಸಂಖ್ಯೆಯುಳ್ಳ ಹಗುರ ಲೋಹದ ಉಂಗುರ ತೊಡಿಸಿ ಬಿಡುವುದು. ಭಾರತದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ದಶಕಗಳಿಂದ ಇದನ್ನು ಮಾಡುತ್ತಾ ಬಂದಿದೆ. ಇದರ ಮಿತಿ ಏನೆಂದರೆ, ಅದೇ ಹಕ್ಕಿ ಮತ್ತೆ ಯಾರದೋ ಕೈಗೆ ಅಥವಾ ಕಣ್ಣಿಗೆ ಸಿಗಬೇಕು. ಸಿಕ್ಕರೂ ಹೊರಟ ಊರು, ತಲುಪಿದ ಊರು ಗೊತ್ತಾಗುತ್ತದೆಯೇ ಹೊರತು ನಡುವಿನ ದಾರಿಯಲ್ಲ.

ಜಿಪಿಎಸ್ ಸಾಧನ ದಾರಿಯನ್ನೂ ಹೇಳುತ್ತದೆ. ಅದರಲ್ಲಿ ಸಣ್ಣ ಸೌರಫಲಕ, ಬ್ಯಾಟರಿ, ಉಪಗ್ರಹಗಳ ಸಂಕೇತದಿಂದ ತಾನಿರುವ ಜಾಗವನ್ನು ಲೆಕ್ಕಹಾಕುವ ಭಾಗ ಇರುತ್ತವೆ. ಲೆಕ್ಕ ಹಾಕಿದ ಜಾಗ, ಸಮಯವನ್ನು ನೆನಪಿನಲ್ಲಿಟ್ಟುಕೊಂಡು, ಮೊಬೈಲ್ ಸಂಪರ್ಕ ಸಿಕ್ಕಾಗ ಅಥವಾ ಉಪಗ್ರಹದ ಮೂಲಕ ಸಂಶೋಧಕರಿಗೆ ಕಳುಹಿಸುತ್ತದೆ. ಊಟ ತಲುಪಿಸುವ ಹುಡುಗ ಎಲ್ಲಿದ್ದಾನೆಂದು ಮೊಬೈಲಿನಲ್ಲಿ ಕಾಣುತ್ತದಲ್ಲ, ಹೆಚ್ಚೂಕಡಿಮೆ ಅದೇ ತಂತ್ರ. ವಲಸೆ ಅಧ್ಯಯನಕ್ಕೆ ಕಟ್ಟುವ ಇಂಥ ಸಾಧನಗಳಲ್ಲಿ ಸಾಮಾನ್ಯವಾಗಿ ಕ್ಯಾಮರಾ ಇರುವುದಿಲ್ಲ. ತೂಕಕ್ಕೂ ಕಟ್ಟುನಿಟ್ಟು ಇದೆ: ಹಕ್ಕಿಯ ತೂಕದ ಶೇ 3ರಷ್ಟರೊಳಗೆ ಇರಬೇಕು ಎಂಬುದು ವ್ಯಾಪಕವಾಗಿ ಪಾಲಿಸುವ ನಿಯಮ. 600 ಗ್ರಾಂ ಹಕ್ಕಿಗೆ 18 ಗ್ರಾಂ.

ಚೀನಾದವರಿಗೆ ಈ ಹಕ್ಕಿಗಳ ಮೇಲೆ ಯಾಕೆ ಆಸಕ್ತಿ? ಕಂದುತಲೆ ಕಡಲಕ್ಕಿಯ ಅತಿದೊಡ್ಡ ವಸಾಹತುಗಳಲ್ಲಿ ಕೆಲವು ಟಿಬೆಟ್ ಮತ್ತು ಚಿಂಗ್ಹೈ ಪ್ರಾಂತ್ಯದ ಸರೋವರಗಳಲ್ಲಿವೆ. 2005ರಲ್ಲಿ ಚಿಂಗ್ಹೈ ಸರೋವರದಲ್ಲಿ ಎಚ್5ಎನ್1 ಹಕ್ಕಿಜ್ವರ ಹರಡಿ ಸಾವಿರಾರು ಕಾಡುಹಕ್ಕಿಗಳು ಸತ್ತವು. ಪಟ್ಟೆತಲೆ ಹೆಬ್ಬಾತುಗಳ ಜೊತೆ ಕಂದುತಲೆ ಕಡಲಕ್ಕಿಗಳೂ ಅದರಲ್ಲಿದ್ದವು. ವೈರಾಣು ಯಾವ ದಾರಿಯಲ್ಲಿ ಎಲ್ಲಿಗೆ ಸಾಗಬಹುದು ಎಂದು ತಿಳಿಯಲು ಹಕ್ಕಿಗಳ ದಾರಿ ತಿಳಿಯಬೇಕಾಯಿತು. ಥಾಯ್ಲೆಂಡಿನ ವಿಜ್ಞಾನಿಗಳು ಅಲ್ಲಿ ಚಳಿಗಾಲ ಕಳೆಯುವ ಕಂದುತಲೆಗಳಿಗೆ ಉಪಗ್ರಹ ಸಾಧನ ಕಟ್ಟಿ ಅವುಗಳ ಹಾದಿ ಹಿಡಿದರು. ಶ್ರೀಲಂಕಾದ ಮನ್ನಾರ್‌ನಲ್ಲಿ ಕೊಲಂಬೊ ವಿಶ್ವವಿದ್ಯಾಲಯದ ಸಂಶೋಧಕರು ಚೀನಾದ ವಿಜ್ಞಾನ ಅಕಾಡೆಮಿಯ ಸಹಕಾರದಲ್ಲಿ ಕಟ್ಟಿದ ಸಾಧನಗಳು, ಕಡಲಕ್ಕಿಗಳ ಇನ್ನೊಂದು ಜಾತಿಯಾದ ಹ್ಯೂಗ್ಲಿನ್ ಗಲ್ ರಷ್ಯಾದ ಉತ್ತರ ಧ್ರುವ ಪ್ರದೇಶದವರೆಗೆ ಹಾರಿಹೋಗುವುದನ್ನು ತೋರಿಸಿದವು. ಹಕ್ಕಿಗೆ ಗಡಿಗಳಿಲ್ಲವಾದ್ದರಿಂದ ಅದನ್ನು ಅರಿಯುವ ಕೆಲಸವೂ ಗಡಿ ದಾಟಲೇಬೇಕು. ಭದ್ರತೆಯ ದೃಷ್ಟಿಯಿಂದ ಸಾಧನವನ್ನು ಪರಿಶೀಲಿಸುವುದು ಅಧಿಕಾರಿಗಳ ಕರ್ತವ್ಯ, ಅದು ಆಗಲಿ. ಆದರೆ ಅಂಥ ಹಕ್ಕಿ ಕಂಡ ಕೂಡಲೇ ಕಲ್ಲೆಸೆಯುವುದು, ಸಾಧನ ಕಿತ್ತುಹಾಕುವುದು ಸಲ್ಲದು. ಉಂಗುರದ ಅಥವಾ ಸಾಧನದ ಫೋಟೊ ತೆಗೆದು, ಸ್ಥಳ ಮತ್ತು ದಿನಾಂಕ ಬರೆದುಕೊಂಡು ಅರಣ್ಯ ಇಲಾಖೆಗೆ ತಿಳಿಸಿದರೆ ಸಾಕು. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬಾರದು.

ಕುರುಕಲು ತಿಂಡಿ ಎಸೆಯುವ ಮುನ್ನ

ದೋಣಿವಿಹಾರಕ್ಕೆ ಹೋದವರು ಕಡಲಕ್ಕಿಗಳಿಗೆ ಖಾರದ ಸೇವು, ಚಿಪ್ಸ್ ಎಸೆದು ಫೋಟೊ ತೆಗೆದುಕೊಳ್ಳುವುದು ಈಗ ಎಲ್ಲೆಡೆ ಸಾಮಾನ್ಯ. ಪ್ರೀತಿಯಿಂದಲೇ ಮಾಡುತ್ತಾರೆ, ಅದರಲ್ಲಿ ಸಂಶಯವಿಲ್ಲ. ಆದರೆ ಈ ಹಕ್ಕಿಗಳು ಏಪ್ರಿಲ್ ಹೊತ್ತಿಗೆ ಬೆಟ್ಟಗಳನ್ನು ದಾಟುವಷ್ಟು ಕೊಬ್ಬು, ಸ್ನಾಯುಗಳನ್ನು ಬೆಳೆಸಿಕೊಳ್ಳಬೇಕು. ಎಣ್ಣೆಯಲ್ಲಿ ಕರಿದ ಹಿಟ್ಟಿನಲ್ಲಿ ಮೀನು, ಸಿಗಡಿಗಳ ಪೋಷಕಾಂಶವಿಲ್ಲ. ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ತಿಂಡಿಯ ಜೊತೆ ನೀರಿಗೆ ಬೀಳುವ ಪ್ಲಾಸ್ಟಿಕ್ ಚೂರನ್ನೂ ಅವು ನುಂಗಬಹುದು. ಈ ಜಾತಿ ಸದ್ಯ ಅಳಿವಿನಂಚಿನಲ್ಲಿಲ್ಲ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್ ಪಟ್ಟಿಯಲ್ಲಿ ಕಡಿಮೆ ಆತಂಕದ ವರ್ಗದಲ್ಲಿದೆ. ಅಷ್ಟಾದರೂ ತಿಂಡಿ ಪೊಟ್ಟಣವನ್ನು ಚೀಲದಲ್ಲೇ ಇಟ್ಟುಕೊಂಡು ನೋಡುವುದು ಹಕ್ಕಿಗೆ ಹಿತ.

ಮಾರ್ಚ್ ಕಳೆಯುವಾಗ

ಫೆಬ್ರವರಿ ಕೊನೆಯಿಂದ ಹಿಂಡಿನಲ್ಲಿ ಬದಲಾವಣೆ ಶುರುವಾಗುತ್ತದೆ. ಮೊದಲು ಒಂದೆರಡು ತಲೆಗಳಲ್ಲಿ ಕಂದು ಗರಿಗಳು ಮೂಡುತ್ತವೆ. ದಿನ ಕಳೆದಂತೆ ಕಾಡಿಗೆ ಬೊಟ್ಟು ಆ ಕಂದಿನಲ್ಲಿ ಕರಗಿಹೋಗಿ, ಟೊಪ್ಪಿಗೆ ತೊಟ್ಟಂತೆ ಮುಖವಿಡೀ ಬಣ್ಣ ತುಂಬುತ್ತದೆ. ಹೆಸರಿನ ಕಂದುತಲೆಯನ್ನು ನಮ್ಮ ಊರಲ್ಲೇ ನೋಡಬೇಕೆಂದಿದ್ದರೆ ಮಾರ್ಚ್, ಏಪ್ರಿಲ್ ಸರಿಯಾದ ಕಾಲ. ಅದರ ಬೆನ್ನಿಗೇ ಹಿಂಡುಗಳು ಕರಗತೊಡಗುತ್ತವೆ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಡ ಸೇರಿ, ಧಕ್ಕೆ ಮಳೆಯಲ್ಲಿ ತೊಯ್ದು ಖಾಲಿಯಾಗಿರುತ್ತದೆ. ಆ ಹೊತ್ತಿಗೆ ಎರಡು ಸಾವಿರ ಕಿಲೋಮೀಟರ್ ಆಚೆ, ನಡುಗಡ್ಡೆಗಳ ಮೇಲೆ ಮರಿಗಳು ಬಾಯಿ ತೆರೆದು ಕೂಗುತ್ತಿರುತ್ತವೆ. ಎಲ್ಲವೂ ಹೋಗಿರುವುದಿಲ್ಲ. ಇನ್ನೂ ಜೋಡಿ ಕಟ್ಟುವ ವಯಸ್ಸಾಗದ ಕೆಲವು ಎಳೆಯ ಹಕ್ಕಿಗಳು ತೀರದಲ್ಲೇ ಉಳಿಯುವುದುಂಟು. ಬಾಲದ ತುದಿಯಲ್ಲಿ ಕಪ್ಪು ಪಟ್ಟಿ, ರೆಕ್ಕೆಯಲ್ಲಿ ಕಂದು ಕಲೆ. ಮುಂಗಾರಿನ ಮಳೆ ಬಿಡುವು ಕೊಟ್ಟ ಒಂದು ಬೆಳಗ್ಗೆ ಅಳಿವೆಯ ಕಡೆ ಹೋದರೆ, ಮರಳ ದಿಬ್ಬದ ಮೇಲೆ ಗಾಳಿಗೆ ಮುಖ ಮಾಡಿ ಒಂಟಿಯಾಗಿ ಕೂತ ಒಂದು ಕಂಡರೂ ಕಾಣಬಹುದು.